ರಾಜಮಾರ್ಗಕ್ಕೆ ಹೊರಡುವ ಮುನ್ನ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ಕೋಶ ಓದದೆಯೇ ದೇಶ ಸುತ್ತಲು ಹೊರಟರೆ ಏನಾಗುತ್ತದೆಂಬುದನ್ನು ನಾವು ಸ್ವಂತ ಅನುಭವದಿಂದ ಕಲಿತಿದ್ದೇವೆ. ಅದನ್ನು ಹೇಳಿಕೊಳ್ಳುವ ಸಂದರ್ಭ ಮೊನ್ನೆ ಬಂತು.

ಭಾನುವಾರದ ಬಲಿಪೂಜೆ ಮುಗಿಸಿ ಬಂದಾಗ ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಜಗಲಿಯಲ್ಲಿ ಕಾದಿತ್ತು. ಮಗ ಗಲ್ಫಿನಲ್ಲಿ ಉದ್ಯೋಗದಲ್ಲಿದ್ದಾನೆ. ತಾಯಿ, ಹೆಂಡತಿ, ಇಬ್ಬರು ಮಕ್ಕಳನ್ನು ಜೋರ್ಡನ್ ದೇಶಕ್ಕೆ ಕರೆದುಕೊಂಡು ಹೋಗಿ, ಬಾಡಿಗೆ ಕಾರನ್ನು ತಾನೇ ಓಡಿಸುತ್ತಾ ಐದು ದಿನ ಸುತ್ತುವ ಯೋಚನೆ ಅವನದು. ಕೈಯಲ್ಲೊಂದು ಪಟ್ಟಿ. ಅದರಲ್ಲಿ ಹದಿನೇಳು ಸ್ಥಳ!

"ಫಾದರ್, ನೀವು ಹೋಗಿ ಬಂದವರು. ಏನಾದರೂ ಬಿಟ್ಟುಹೋಗಿದೆಯಾ ನೋಡಿ" ಎಂದ.

"ಅಮ್ಮನಿಗೆ ಏನು ನೋಡಬೇಕಂತೆ?" ಎಂದು ಕೇಳಿದೆವು. ಅವನು ಹೆಂಡತಿಯ ಮುಖ ನೋಡಿದ. ಯಾರೂ ಕೇಳಿರಲಿಲ್ಲ. ಎಪ್ಪತ್ತು ದಾಟಿದ ಆ ತಾಯಿ ಮೊಣಕಾಲು ನೀವಿಕೊಳ್ಳುತ್ತಾ, "ನನಗೆ ಆ ಮೋಶೆ ನಿಂತು ನೋಡಿದ ಗುಡ್ಡ ಒಂದು ಸಾಕು ಫಾದರ್" ಎಂದರು. ಪಟ್ಟಿಯಲ್ಲಿ ಆ ನೆಬೋ ಬೆಟ್ಟಕ್ಕೆ ಇಟ್ಟಿದ್ದ ಸಮಯ ಅರ್ಧ ಗಂಟೆ.

ನಮಗೆ ನಮ್ಮದೇ ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಯಾತ್ರಿಕರ ತಂಡವೊಂದನ್ನು ಅದೇ ದೇಶಕ್ಕೆ ಕರೆದುಕೊಂಡು ಹೋಗಿದ್ದೆವು. ಕೊಟ್ಟ ಹಣಕ್ಕೆ ಎಲ್ಲವನ್ನೂ ತೋರಿಸಬೇಕೆಂಬ ಹಠ ನಮಗೆ. ದಾರಿಯುದ್ದಕ್ಕೂ ಇಳಿದು, ಹತ್ತಿ, ಪೆಟ್ರಾ ತಲುಪುವಾಗ ಮಧ್ಯಾಹ್ನ ಎರಡು ಗಂಟೆ. ತಂಡದಲ್ಲಿದ್ದ ಹಿರಿಯ ತಾಯಿಯೊಬ್ಬರು ಆಗಲೇ ದಣಿದಿದ್ದರು. ಅವರನ್ನು ಪ್ರವೇಶದ್ವಾರದ ಬಳಿ ಬೆಂಚಿನ ಮೇಲೆ ಕೂರಿಸಿ ಉಳಿದವರು ಓಡಿದೆವು. ಕತ್ತಲಾಗುವಾಗ ಬಂದು ಕ್ಷಮೆ ಕೇಳಿದರೆ, "ನೀವು ನೋಡಿದಿರಲ್ಲ ಫಾದರ್, ಸಾಕು" ಎಂದರು. ಅವರು ಕೋಪಿಸಿಕೊಂಡಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಆದ್ದರಿಂದ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಎಲ್ಲರೂ ಕುಳಿತು ಹೊಸದಾಗಿ ಯೋಚಿಸಿದೆವು.

ಜೋರ್ಡನ್ ಸಣ್ಣ ದೇಶ. ಕರ್ನಾಟಕದ ಅರ್ಧದಷ್ಟೂ ಇಲ್ಲ. ರಾಜಧಾನಿ ಅಮ್ಮಾನಿನಿಂದ ದಕ್ಷಿಣ ತುದಿಯ ಅಕಬಾ ಬಂದರಿಗೆ ಸುಮಾರು 330 ಕಿ.ಮೀ. ಹೆಚ್ಚುಕಡಿಮೆ ಮಂಗಳೂರು-ಬೆಂಗಳೂರಿನಷ್ಟು. ಈ ಸಣ್ಣತನವೇ ನಮ್ಮನ್ನು ಮೋಸಗೊಳಿಸುವುದು. ಭೂಪಟದಲ್ಲಿ ಎಲ್ಲವೂ ಕೈಗೆಟಕುವಂತೆ ಕಾಣುತ್ತದೆ. ಆದರೆ ಅಲ್ಲಿ ಒಂದೊಂದು ಊರಿನಲ್ಲಿ ಒಂದರ ಮೇಲೊಂದು ನಾಲ್ಕೈದು ಕಾಲದ ಚರಿತ್ರೆ ಕುಳಿತಿದೆ. ಅಲ್ಲಿ ಲೆಕ್ಕ ಹಾಕಬೇಕಾದದ್ದು ಕಿಲೋಮೀಟರನ್ನಲ್ಲ, ಗಂಟೆಗಳನ್ನು.

ಅಮ್ಮಾನಿನಿಂದ ದಕ್ಷಿಣಕ್ಕೆ ಮೂರು ದಾರಿಗಳಿವೆ. ಮರುಭೂಮಿಯ ಹೆದ್ದಾರಿಯಲ್ಲಿ ಹೋದರೆ ಪೆಟ್ರಾಕ್ಕೆ ಸುಮಾರು ಮೂರು ಗಂಟೆ. ಎರಡನೆಯದು ಮೃತ ಸಮುದ್ರದ ದಂಡೆಯ ದಾರಿ. ಮೂರನೆಯದೇ ರಾಜಮಾರ್ಗ. ಸಂಖ್ಯಾಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಇದರ ಹೆಸರಿದೆ. ಹೊಲ, ದ್ರಾಕ್ಷಿತೋಟಗಳಿಗೆ ಕಾಲಿಡದೆ ರಾಜಮಾರ್ಗದಲ್ಲೇ ಸಾಗುತ್ತೇವೆಂದು ಇಸ್ರಯೇಲರು ಎದೋಮಿನ ಅರಸನನ್ನು ಬೇಡಿಕೊಂಡರೂ ಅವನು ಬಿಡಲಿಲ್ಲ. ಮುಂದೆ ರೋಮನ್ ಚಕ್ರವರ್ತಿ ಟ್ರಾಜನ್ ಕ್ರಿ.ಶ. 111ರಿಂದ 114ರ ನಡುವೆ ಬಹುಮಟ್ಟಿಗೆ ಇದೇ ಹಾದಿ ಹಿಡಿದು ಕಲ್ಲು ಹಾಸಿದ ರಸ್ತೆ ಮಾಡಿಸಿದ. ಇಂದು ಅದರ ಜಾಡಿನಲ್ಲಿ ಡಾಂಬರು ರಸ್ತೆಯಿದೆ. ತಿರುವು, ಇಳಿಜಾರು, ಹಳ್ಳಿಗಳು ಬಹಳ. ನಿಂತು ನಿಂತು ಹೋದರೆ ಪೆಟ್ರಾ ತಲುಪಲು ಇಡೀ ಹಗಲು ಬೇಕು.

ಮೊದಲ ಎರಡು ರಾತ್ರಿ ಮಾದಾಬಾದಲ್ಲಿ ತಂಗುವುದೆಂದು ತೀರ್ಮಾನವಾಯಿತು. ವಿಮಾನ ನಿಲ್ದಾಣಕ್ಕೆ ಅದು ಹತ್ತಿರ. ಅಮ್ಮಾನಿನ ವಾಹನಗಳ ಗದ್ದಲವೂ ತಪ್ಪುತ್ತದೆ. ಮಾದಾಬಾದ ಕತೆಯನ್ನು ಗಡಿನಾಡಿನವರಾದ ನಾವು ತಿಳಿಯಬೇಕು. 1880ರಲ್ಲಿ ಕರಕ್ ಪಟ್ಟಣವನ್ನು ಬಿಟ್ಟುಬಂದ ಕ್ರೈಸ್ತ ಕುಟುಂಬಗಳು ಈ ಪಾಳುಬಿದ್ದ ಊರಿನಲ್ಲಿ ನೆಲೆಸಿದವು. ಹಳೆಯ ದೇವಾಲಯವಿದ್ದ ಜಾಗದಲ್ಲೇ ಹೊಸದನ್ನು ಕಟ್ಟಲು ಹೊರಟಾಗ ಆರನೆಯ ಶತಮಾನದ ನೆಲಹಾಸೊಂದು ಕಾಣಿಸಿತು. ಬಣ್ಣದ ಕಲ್ಲಿನ ಚೂರುಗಳಿಂದ ರಚಿಸಿದ ಪವಿತ್ರ ನಾಡಿನ ಭೂಪಟವದು. ಉಳಿದುಬಂದಿರುವ ಅಂಥ ಭೂಪಟಗಳಲ್ಲಿ ಅತಿ ಹಳೆಯದು. ಈಗ ಸಂತ ಜಾರ್ಜರ ಆರ್ಥೊಡಾಕ್ಸ್ ದೇವಾಲಯದೊಳಗಿದೆ. ಜೋರ್ಡನ್ ನದಿಯ ಮೀನೊಂದು ಮೃತ ಸಮುದ್ರದ ಉಪ್ಪುನೀರಿಗೆ ಹೆದರಿ ಹಿಂದಿರುಗುತ್ತಿರುವುದನ್ನೂ ಕಲಾವಿದ ಬಿಟ್ಟಿಲ್ಲ. ಮಕ್ಕಳು ಅದನ್ನು ತಾವಾಗಿಯೇ ಹುಡುಕಲಿ.

ಅಲ್ಲಿಂದ ನೆಬೋ ಬೆಟ್ಟ ಹತ್ತು ಕಿ.ಮೀ. ಮಾತ್ರ. ಅದಕ್ಕೆ ಅರ್ಧ ಗಂಟೆಯಲ್ಲ, ಒಂದು ಇಡೀ ಬೆಳಗು. ಕೆಳಗೆ ಮೃತ ಸಮುದ್ರ, ಅದರಾಚೆ ಯೆರಿಕೋ. ಆಕಾಶ ತಿಳಿಯಾಗಿದ್ದರೆ ಜೆರುಸಲೇಮಿನ ಗುಡ್ಡಗಳೂ ಕಾಣುತ್ತವೆ. ಫ್ರಾನ್ಸಿಸ್ಕನ್ ಗುರುಗಳು ನೋಡಿಕೊಳ್ಳುತ್ತಿರುವ ಇಲ್ಲಿನ ದೇವಾಲಯ ದೀರ್ಘಕಾಲದ ದುರಸ್ತಿಯ ಬಳಿಕ 2016ರಲ್ಲಿ ಮತ್ತೆ ತೆರೆಯಿತು. 2000ದ ಮಾರ್ಚ್‌ನಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಇಲ್ಲಿಗೆ ಬಂದಿದ್ದರು.

ಮೂರನೆಯ ದಿನ ರಾಜಮಾರ್ಗ. ಮಾದಾಬಾದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಬೇಕು. ಮುಂದೆ ಬಂಕುಗಳು ವಿರಳ. ದಾರಿಯಲ್ಲಿ ಸಿಗುವ ದೀಬಾನ್‌ನಲ್ಲಿ 1868ರಲ್ಲಿ ಮೋವಾಬಿನ ಅರಸ ಮೇಶನ ಶಿಲಾಶಾಸನ ದೊರೆಯಿತು; ಶಾಸನ ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅನಂತರ ಬೈಬಲಿನ ಅರ್ನೋನ್ ಕಣಿವೆ, ಅಂದರೆ ಇಂದಿನ ವಾದಿ ಮುಜಿಬ್. ಕರಕ್‌ನಲ್ಲಿ 1142ರಲ್ಲಿ ಕಟ್ಟಲು ತೊಡಗಿದ ಧರ್ಮಯೋಧರ ಕೋಟೆಯಿದೆ. ಊಟ, ವಿಶ್ರಾಂತಿ ಅಲ್ಲಿಯೇ. ಕತ್ತಲಾಗುವ ಮೊದಲು ಪೆಟ್ರಾದ ಪಕ್ಕದ ವಾದಿ ಮೂಸಾ ಸೇರಬೇಕು. ಗಲ್ಫಿನಲ್ಲಿ ಓಡಿಸುವವನಿಗೆ ಬಲಬದಿಯ ಸಂಚಾರ ಅಭ್ಯಾಸವಿರುತ್ತದೆ. ಆದರೆ ಗುರುತಿಲ್ಲದ ರಸ್ತೆ ಉಬ್ಬುಗಳನ್ನೂ ಅಡ್ಡಬರುವ ಕುರಿಮಂದೆಯನ್ನೂ ರಾತ್ರಿ ಎದುರಿಸಬಾರದು.

ನಾಲ್ಕನೆಯ ದಿನ ಪೂರ್ತಿ ಪೆಟ್ರಾಕ್ಕೆ. ಬೆಳಿಗ್ಗೆ ಬೇಗ ಒಳಹೊಕ್ಕರೆ ಬಿಸಿಲೂ ಜನಸಂದಣಿಯೂ ಕಡಿಮೆ. ನಬಾತೇಯರು ಬಂಡೆ ಕೊರೆದು ಮಾಡಿದ ಈ ನಗರಕ್ಕೆ 1.2 ಕಿ.ಮೀ. ಉದ್ದದ ಇಕ್ಕಟ್ಟಾದ ಕಣಿವೆಯೊಳಗಿಂದ ಹೋಗಬೇಕು. ನಡೆಯಲಾಗದವರಿಗೆ ಈಗ ವಿದ್ಯುತ್ ಗಾಡಿಗಳಿವೆ. ತಾಯಿ ಬೆಂಚಿನ ಮೇಲೆ ಉಳಿಯಬೇಕಾಗಿಲ್ಲ. ಐದನೆಯ ದಿನ ಮರುಭೂಮಿಯ ಹೆದ್ದಾರಿಯಲ್ಲಿ ನೇರ ವಾಪಸು.

ಮಳೆಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. 1963ರ ಏಪ್ರಿಲ್‌ನಲ್ಲಿ ಪೆಟ್ರಾದ ಆ ಕಣಿವೆಗೆ ಹಠಾತ್ತನೆ ನೀರು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಯಾತ್ರಿಕರು ಪ್ರಾಣ ಕಳೆದುಕೊಂಡರು. ಅವರಲ್ಲಿ ಬೈಬಲ್ ಪಂಡಿತ ಗುರು ಜಾನ್ ಸ್ಟೈನ್‌ಮನ್ ಕೂಡ ಇದ್ದರು. 2018ರ ನವೆಂಬರಿನಲ್ಲೂ ಪ್ರವಾಹ ಬಂದು ಸಾವಿರಾರು ಪ್ರವಾಸಿಗರನ್ನು ಪೆಟ್ರಾದಿಂದ ತೆರವುಗೊಳಿಸಬೇಕಾಯಿತು. ನಮ್ಮ ಕರಾವಳಿಯ ಮಳೆ ಹೇಳಿ ಬರುತ್ತದೆ. ಅಲ್ಲಿ ಎಲ್ಲೋ ದೂರದ ಗುಡ್ಡದಲ್ಲಿ ಸುರಿದ ನೀರು ನಾವು ನಿಂತಲ್ಲಿಗೆ ಹರಿದು ಬರುತ್ತದೆ. ಕಾವಲುಗಾರರು ಬೇಡವೆಂದ ದಿನ ಒಳಗೆ ಹೋಗಬಾರದು. ಆ ಪ್ರದೇಶದ ರಾಜಕೀಯ ಪರಿಸ್ಥಿತಿಯೂ ಬೇಗ ಬದಲಾಗುತ್ತದೆ. ಟಿಕೆಟಿಗೆ ಮೊದಲು ಭಾರತ ಸರಕಾರದ ಪ್ರಯಾಣ ಸೂಚನೆ ನೋಡುವುದು ಒಳ್ಳೆಯದು.

ಹೀಗೆ ಹದಿನೇಳರಲ್ಲಿ ಉಳಿದದ್ದು ಐದು. ರೋಮನ್ ನಗರ ಜೆರಾಶ್ ಹೋಯಿತು, ವಾದಿ ರಮ್ ಹೋಯಿತು, ಅಕಬಾ ಹೋಯಿತು. ಮಗನ ಮುಖ ಸ್ವಲ್ಪ ಬಾಡಿತು. "ಇಷ್ಟು ದೂರ ಹೋಗಿ ಇಷ್ಟನ್ನೆಲ್ಲಾ ಬಿಡುವುದಾ ಫಾದರ್?" ಎಂದ.

ಉತ್ತರ ನಾವು ಕೊಡಬೇಕಾಗಲಿಲ್ಲ. ತಾಯಿಯೇ ಹೇಳಿದರು: "ಮೋಶೆ ನಲವತ್ತು ವರ್ಷ ನಡೆದು ಕೊನೆಗೆ ದೂರದಿಂದ ನೋಡಿದ್ದಷ್ಟೇ ಅಲ್ವಾ ಮಗ? ಅವನ ಜೊತೆ ದೇವರು ಇದ್ದರು. ನನ್ನ ಜೊತೆ ನೀವಿದ್ದರೆ ಸಾಕು."

ಪ್ರಿಯ ಓದುಗರೇ, ನೀವು ಎಲ್ಲಿಗೇ ಹೊರಡಿ, ಪಟ್ಟಿ ಬರೆಯುವ ಮೊದಲು ಮನೆಯ ಹಿರಿಯರನ್ನೊಮ್ಮೆ ಕೇಳಿ. ಅವರ ಕಾಲಿನ ವೇಗವೇ ನಿಮ್ಮ ಪ್ರಯಾಣದ ವೇಗವಾಗಲಿ. ಬೆಂಚಿನ ಮೇಲೆ ಯಾರನ್ನೂ ಬಿಟ್ಟುಹೋಗಬೇಡಿ.