ಜೋಮು ಹಿಡಿದ ಕೈಗೆ ಕೊಯ್ಯುವುದೊಂದೇ ದಾರಿಯೇ?

ಕಾರ್ಪಲ್ ಟನಲ್ ಸಿಂಡ್ರೋಮಿಗೆ ಫಿಸಿಯೋಥೆರಪಿಯವರು ಕೈಯಿಂದ ಮಾಡುವ ಚಿಕಿತ್ಸೆ ಬರೀ ದಂಡ ಎನ್ನುವವರು ಮಂಡ್ಯದಲ್ಲೂ ಇದ್ದಾರೆ, ಮದ್ದೂರು, ಮಳವಳ್ಳಿಯಲ್ಲೂ ಇದ್ದಾರೆ. ಇದೇ ಕಸುಬಿನಲ್ಲಿರುವ ನಾನು ಅವರಿಗೆ ಉತ್ತರ ಹೇಳಲೇಬೇಕು.

ಮೊದಲನೆಯದು ಆಪರೇಷನ್ ಪಕ್ಷದವರ ಮಾತು: "ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ. ಮೇಲಿನ ಪಟ್ಟಿ ಕೊಯ್ದರೆ ಬಿಡುಗಡೆ. ಒತ್ತಿ ನೀವಿದರೆ ಏನು ಬಂತು?" ಅಂಗರಚನೆಯ ಮಟ್ಟಿಗೆ ಅವರು ಹೇಳುವುದು ಸರಿ. ಎಂಟು ಸಣ್ಣ ಮೂಳೆಗಳು, ಅವುಗಳ ಮೇಲೆ ಬಿಗಿದ ಪಟ್ಟಿ, ನಡುವಿನ ಇಕ್ಕಟ್ಟಿನಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ. ಆದರೆ ಆ ಇಕ್ಕಟ್ಟು ಕೈಯ ಭಂಗಿಗೆ ತಕ್ಕಂತೆ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಮಣಿಕಟ್ಟು ಮಡಚಿ ಮಲಗಿದವರನ್ನು ನಡುರಾತ್ರಿ ಜೋಮು ಎಬ್ಬಿಸುತ್ತದೆ. ಕೈ ಕೊಡವಿದರೆ ಇಳಿಯುತ್ತದೆ. ಹಾಗೆ ಬಂದು ಹೋಗುವ ಹಂತದಲ್ಲೇ ಕತ್ತಿ ಹಿಡಿಯುವ ಅವಸರ ಏಕೆ?

ನಮ್ಮ ಸೀಮೆಯ ಕೈಗಳನ್ನೇ ನೋಡಿ. ಗೆಜ್ಜಲಗೆರೆಯ ಮನ್‌ಮುಲ್ ಡೈರಿಗೆ ಹೋಗುವ ಹಾಲಿನಲ್ಲಿ ಎಷ್ಟೋ ಭಾಗವನ್ನು ಹೆಂಗಸರು ಕೈಯಲ್ಲೇ ಕರೆಯುತ್ತಾರೆ, ದಿನಕ್ಕೆರಡು ಸಲ. ಹೆಬ್ಬೆರಳು ಮಡಚಿ, ಅದರ ಗೆಣ್ಣಿಗೆ ಮೊಲೆತೊಟ್ಟನ್ನು ಒತ್ತಿ ಹಿಸುಕುವ ಅಭ್ಯಾಸ ಅನೇಕರದು. ಆ ಹಿಡಿತದ ಜೊತೆಗೆ ಮಣಿಕಟ್ಟೂ ಬಾಗುತ್ತದೆ. ಹಿಡಿತ ಬದಲಿಸದೆ ಆಪರೇಷನ್ ಒಂದನ್ನೇ ನಂಬಿದರೆ, ಹೊಲಿಗೆ ಬಿಚ್ಚಿದ ಮೇಲೆ ಅದೇ ಕೈ ಅದೇ ಕೆಚ್ಚಲಿಗೆ ಹೋಗುತ್ತದೆ.

"ಪುರಾವೆ ಎಲ್ಲಿದೆ?" ಇದು ಓದಿಕೊಂಡವರ ಪ್ರಶ್ನೆ. ವ್ಯಾಯಾಮ ಮತ್ತು ಕೈಚಿಕಿತ್ಸೆಗೆ ಆಧಾರ ಬಹಳ ದುರ್ಬಲ ಎಂದ 2012ರ ಕಾಕ್ರೇನ್ ಪರಿಶೀಲನೆಯನ್ನು ಎತ್ತಿ ತೋರಿಸುತ್ತಾರೆ. ಅದರ ನಂತರವೂ ಕೆಲಸ ನಡೆದಿದೆಯಲ್ಲ! ಸ್ಪೇನಿನಲ್ಲಿ 120 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ವಾರಕ್ಕೊಂದರಂತೆ ಮೂರೇ ಸಲ ಕೈಚಿಕಿತ್ಸೆ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲ ಮೂರು ತಿಂಗಳು ಕೈಚಿಕಿತ್ಸೆಯವರೇ ಮುಂದು, ವರ್ಷದ ಹೊತ್ತಿಗೆ ಇಬ್ಬರೂ ಸಮ. ಏನೂ ಮಾಡದೆ ಬಿಟ್ಟ ಮೂರನೆಯ ಗುಂಪು ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ಯಾರಾದರೂ ಎತ್ತಿದರೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಆ ಕೊರತೆ ಆಪರೇಷನ್ ಗುಂಪಿಗೂ ಅಷ್ಟೇ ಅನ್ವಯಿಸುತ್ತದೆ.

ಇನ್ನೊಂದು ಕುಹಕ: "ಹಾಗಾದರೆ ನಮ್ಮೂರ ಉಳುಕು ತೆಗೆಯೋನಿಗೂ ನಿಮಗೂ ಏನು ವ್ಯತ್ಯಾಸ?" ಬಂದು ನೋಡಿ. ಮೊದಲು ಯಾವ ಬೆರಳಿಗೆ ಜೋಮು ಎಂದು ಕೇಳುತ್ತೇವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಎಂದರೆ ಈ ನರ. ಕಿರುಬೆರಳೂ ಸೇರಿದರೆ ಬೇರೆ ಕಡೆ ಹುಡುಕಬೇಕು. ಕುತ್ತಿಗೆ ಪರೀಕ್ಷಿಸುತ್ತೇವೆ. ಆಮೇಲೆ ಅಂಗೈಯ ಎರಡು ಅಂಚಿನ ಮೂಳೆಗಳ ಮೇಲೆ ಹೆಬ್ಬೆರಳಿಟ್ಟು ನಿಧಾನ ಹೊರಕ್ಕೆ ಬಿಡಿಸುವುದು, ಮುಂಗೈಯ ಬಿಗಿ ಸಡಿಲಿಸುವುದು, ಮೊಣಕೈ ಮತ್ತು ಮಣಿಕಟ್ಟನ್ನು ಲಯಕ್ಕೆ ತಕ್ಕಂತೆ ಆಡಿಸಿ ನರವನ್ನು ಜಾರಿಸುವುದು. ಜೋಮು ಹೆಚ್ಚಾಯಿತು ಎಂದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಇದರಲ್ಲಿ ಲಟಕ್ಕೆನಿಸುವ ಕೆಲಸವಿಲ್ಲ. ಊದಿಕೊಂಡ ಮಣಿಕಟ್ಟನ್ನು ಎಣ್ಣೆ ಹಚ್ಚಿ ಗಸಗಸ ತಿಕ್ಕಿಸಿಕೊಂಡು ಬಂದವರ ಪಾಡು ನನಗೆ ಗೊತ್ತು.

ಸಕ್ಕರೆ ಕಾಯಿಲೆಯವರಿಗೆ, ಥೈರಾಯ್ಡ್ ಇರುವವರಿಗೆ ಇದು ಸಾಲದು ಎನ್ನುವವರ ಮಾತಿನಲ್ಲಿ ಹುರುಳಿದೆ. ಆ ಸ್ಪೇನ್ ಅಧ್ಯಯನವೂ ಅಂಥವರನ್ನು ಸೇರಿಸಿಕೊಂಡಿರಲಿಲ್ಲ. ಅವರಿಗೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದದ್ದು.

ಕೊನೆಗೆ ಎಲ್ಲರ ಬಾಯಲ್ಲೂ ಬರುವುದು: "ಹಳ್ಳಿ ಹೆಂಗಸರಿಗೆ, ಗಾರ್ಮೆಂಟ್ಸಿಗೆ ಹೋಗೋರಿಗೆ ಪುರುಸೊತ್ತೆಲ್ಲಿ?" ಆಪರೇಷನ್ ಆದ ಕೈಯಲ್ಲಿ ಕೆಲವು ವಾರ ಹಾಲು ಕರೆಯುವಂತಿಲ್ಲ, ಮೆಷಿನ್ ತುಳಿದು ಬಟ್ಟೆ ಎಳೆಯುವಂತಿಲ್ಲ. ಆ ಪುರುಸೊತ್ತನ್ನು ಯಾರು ಕೊಡುತ್ತಾರೆ? ರಾತ್ರಿ ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್ ಕಟ್ಟಿ ಮಲಗಬಹುದು. ಬೆರಳು ನೆಟ್ಟಗೆ, ಕೊಕ್ಕೆ, ಮುಷ್ಟಿ ಮಾಡುವ ವ್ಯಾಯಾಮವನ್ನು ಡೈರಿ ಮುಂದೆ ಕ್ಯಾನ್ ಇಟ್ಟು ನಿಂತಾಗಲೇ ಮುಗಿಸಬಹುದು.

ಹೆಬ್ಬೆರಳಿನ ಬುಡದ ಮಾಂಸ ಕರಗಿ ಹಳ್ಳ ಬಿದ್ದಿದ್ದರೆ, ಹೂ ಕಟ್ಟುವಾಗ ದಾರ ಕೈಯಿಂದ ಜಾರುತ್ತಿದ್ದರೆ, ಜೋಮು ಹಗಲಿರುಳೂ ಬಿಡದಿದ್ದರೆ ಅಂಥವರನ್ನು ನಾವು ಮುಟ್ಟುತ್ತಾ ಕೂರುವುದಿಲ್ಲ. ಆ ದಿನವೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಬೇರೆ ಸರ್ಜನ್ ಹತ್ತಿರಕ್ಕೋ ಚೀಟಿ ಬರೆದು ಕಳಿಸುತ್ತೇವೆ.