ರಾಘವರ ಮೂರು ಚಿತ್ರಗಳು

ಬಳ್ಳಾರಿಯ ರಾಘವ ಕಲಾಮಂದಿರಕ್ಕೆ ನಾಟಕ ನೋಡಲು ಬಂದಿದ್ದ ತರುಣನೊಬ್ಬನನ್ನು ‘ಈ ರಾಘವರು ಯಾರು?’ ಎಂದು ಕೇಳಿದ್ದೆ. ‘ಯಾರೋ ತೆಲುಗು ನಟರು ಸರ್’ ಎಂದ. ಆತನ ಉತ್ತರ ತಪ್ಪಲ್ಲ; ಆದರೆ ಅರ್ಧ ಮಾತ್ರ ಸರಿ.

1880ರಲ್ಲಿ ತಾಡಪತ್ರಿಯಲ್ಲಿ ಜನಿಸಿದ ರಾಘವಾಚಾರ್ಯರು ಬಳ್ಳಾರಿಯಲ್ಲಿ ವಕೀಲಿ ನಡೆಸಿದವರು. ಅವರಿಗೆ ರಂಗದ ದಾರಿ ತೋರಿದ ಸೋದರಮಾವ, ನಾಟಕಕಾರ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಅದೇ ಊರಿನ ವಕೀಲರೇ. (ಬಳ್ಳಾರಿಯ ವಕೀಲರಿಗೂ ಬಣ್ಣಕ್ಕೂ ಅದೇನು ನಂಟೋ!) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಾಘವರು ಅಭಿನಯಿಸಿದರು. ಪದ್ಯವನ್ನು ರಾಗವಾಗಿ ಎಳೆದು ಚಪ್ಪಾಳೆ ಗಿಟ್ಟಿಸುತ್ತಿದ್ದ ಕಾಲದಲ್ಲಿ ಮಾತಿನ ಸಹಜತೆಗೆ ಪಟ್ಟು ಹಿಡಿದರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ವಾದಿಸಿದರು.

ಸಿನಿಮಾ ಅವರನ್ನು ಕರೆದದ್ದು ಐವತ್ತು ದಾಟಿದ ಮೇಲೆ. 1936ರ ‘ದ್ರೌಪದಿ ಮಾನಸಂರಕ್ಷಣಂ’ದಲ್ಲಿ ಅವರು ದುರ್ಯೋಧನ. ಅದೇ ವರ್ಷ ಅದೇ ಕಥೆಯ ‘ದ್ರೌಪದಿ ವಸ್ತ್ರಾಪಹರಣಂ’ ಪೈಪೋಟಿಗೆ ಬಂದು ಗೆದ್ದಿತು, ರಾಘವರ ಚಿತ್ರ ಸೋತಿತು. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನದ ‘ರೈತುಬಿಡ್ಡ’ದಲ್ಲಿ ಕಿರೀಟ, ಗದೆ ಕಳಚಿಟ್ಟು ಜಮೀನ್ದಾರನ ಎದುರು ನಿಲ್ಲುವ ರೈತನಾದರು. ಹಣ ಹಾಕಿದವರು ಚಲ್ಲಪಲ್ಲಿಯ ಜಮೀನ್ದಾರರೇ ಎಂಬುದು ಸ್ವಾರಸ್ಯ. ಉಳಿದ ಜಮೀನ್ದಾರರು ಕೆರಳಿದರು, ಸರ್ಕಾರ ಚಿತ್ರವನ್ನು ನಿಷೇಧಿಸಿತು. 1940ರ ‘ಚಂಡಿಕಾ’ ಮೂರನೆಯದು. 1946ರಲ್ಲಿ ಅವರು ತೀರಿಕೊಂಡರು.

ಮೂರೇ ಚಿತ್ರ, ಮೂರೂ ತೆಲುಗು. ನಾವು ಅವರನ್ನು ಮರೆಯಲು ಇದೇ ಕಾರಣವೆಂದು ನನ್ನ ಗುಮಾನಿ. ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. ಊರು ಕನ್ನಡಕ್ಕೆ ಬಂತು, ನಟನನ್ನು ತೆಲುಗಿಗೆ ಬಿಟ್ಟುಕೊಟ್ಟೆವು. 1981ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಖವನ್ನು ಅವರದೇ ಊರಿನ ತರುಣ ಗುರುತಿಸಲಾರ. ಎರಡು ನುಡಿಗಳಲ್ಲಿ ಬದುಕುವುದು ಬಳ್ಳಾರಿಗೆ ಇಂದಿಗೂ ಹೊಸತಲ್ಲ. ಸಂತೆಯಲ್ಲಿ, ಕೋರ್ಟಿನಲ್ಲಿ ಸಲ್ಲುವ ಈ ರೂಢಿ ನಮ್ಮ ಚಲನಚಿತ್ರ ಚರಿತ್ರೆಯಲ್ಲೇಕೆ ಸಲ್ಲದು?

ರಂಗದ ಮೇಲಿನ ಅವರ ಅಭಿನಯ ಕಂಡವರ ನೆನಪಿನೊಡನೆ ಹೋಯಿತು. ಅವರ ನಡೆ, ನೋಟ, ದನಿಗಳಿಗೆ ಪುರಾವೆ ಸಿಗುವುದಿದ್ದರೆ ಈ ಚಿತ್ರಗಳಲ್ಲೇ. ಚಲನಚಿತ್ರ ಅಕಾಡೆಮಿಯೂ ಜಿಲ್ಲಾಡಳಿತವೂ ಕೂಡಿ ‘ರೈತುಬಿಡ್ಡ’ದ ಪ್ರತಿ ತರಿಸಿ, ಕನ್ನಡ ಅಡಿಬರಹ ಹಾಕಿಸಿ, ಆಗಸ್ಟ್ 2ರಂದು, ಅವರ ಹುಟ್ಟುಹಬ್ಬದ ದಿನ, ಕಲಾಮಂದಿರದಲ್ಲೇ ತೋರಿಸಲಿ. ಆ ತರುಣನಿಗೆ ಮೊದಲ ಸಾಲಿನಲ್ಲಿ ಕುರ್ಚಿ ಕಾದಿರಿಸಲಿ.