ಶಿಕ್ಷೆಯಾದ ಮರುದಿನ



ಅತ್ಯಾಚಾರದ ಒಂದು ಕೇಸಿನಲ್ಲಿ ಸೆಷನ್ಸ್ ಕೋರ್ಟು ಶಿಕ್ಷೆ ಹೇಳಿದ ದಿನ ಕೇರಿಯಲ್ಲಿ ಹಲಗಿ ಬಡಿಯುತ್ತದೆ. ಬಾಬಾಸಾಹೇಬರ ಫೋಟೋಕ್ಕೆ ಹಾರ ಬೀಳುತ್ತದೆ. ಹಾಸ್ಟೆಲಿನ ಹುಡುಗರು ಘೋಷಣೆ ಕೂಗಿ ಗಂಟಲು ಹರಕೊಳ್ಳುತ್ತಾರೆ. ಮರುದಿನ ಎದ್ದು ಕಾಲೇಜಿಗೆ ಹೋಗುವವರು ಕಾಲೇಜಿಗೆ, ಕೂಲಿಗೆ ಹೋಗುವವರು ಕೂಲಿಗೆ, ಬೆಟಗೇರಿಯ ಮಗ್ಗದವರು ಮಗ್ಗಕ್ಕೆ. ಅದೇ ಮುಂಜಾನೆ ಶಿಕ್ಷೆಯಾದವನ ಅಣ್ಣತಮ್ಮಂದಿರು ಜಡ್ಜ್‌ಮೆಂಟಿನ ನಕಲು ಹಿಡಕೊಂಡು ಧಾರವಾಡದ ಬಸ್ಸು ಹತ್ತಿರುತ್ತಾರೆ. ನಮ್ಮ ಹೋರಾಟ ಮುಗೀತು ಅಂದುಕೊಂಡ ಹೊತ್ತಿಗೆ ಅವರ ಅಪೀಲು ಶುರುವಾಗಿರುತ್ತದೆ.

ಆ ಅಪೀಲಿನ ಬಗ್ಗೆ ನಮ್ಮ ಸಭೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಆದ್ದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇವೆ.

ಅಪೀಲು ಮಾಡುವುದು ತಪ್ಪಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಹುಡುಗರ ಮೇಲೆ ಕಳವಿನ ಕೇಸು, ಹೊಡೆದಾಟದ ಕೇಸು, ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ್ದಕ್ಕೆ ಅಪಹರಣದ ಕೇಸು ಬೀಳುವ ದೇಶ ಇದು. ಮೇಲಿನ ಕೋರ್ಟಿಗೆ ಹೋಗುವ ದಾರಿ ಮುಚ್ಚಿದರೆ ಮೊದಲು ಸಾಯುವವರು ನಾವೇ. ಪ್ರಶ್ನೆ ಇರುವುದು ಬೇರೆ ಕಡೆ. ಆ ಮೇಲಿನ ಕೋರ್ಟಿನಲ್ಲಿ ಏನು ನಡೆಯುತ್ತದೆ, ಅದನ್ನು ನೋಡುವವರು ಯಾರು?

ಅಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ದಾಖಲಾದ ಹೇಳಿಕೆ, ಪಾಟೀಸವಾಲು, ಡಾಕ್ಟರ ಸರ್ಟಿಫಿಕೇಟು, ಪಂಚನಾಮೆ ಇವನ್ನೆಲ್ಲ ಒಂದು ಕಟ್ಟು ಮಾಡಿ ನ್ಯಾಯಮೂರ್ತಿಗಳ ಮುಂದೆ ಇಡುತ್ತಾರೆ. ಅತ್ತು, ತಡವರಿಸಿ, ತಲೆ ತಗ್ಗಿಸಿ ಹೇಳಿದ ಮಾತು ಅಲ್ಲಿ ಕಾಗದದ ಮೇಲಿನ ಸಾಲು ಆಗಿರುತ್ತದೆ. ಹೇಳಿದವಳು ಇರುವುದಿಲ್ಲ. ಅಪೀಲು ಮುಗಿಯುವತನಕ ಶಿಕ್ಷೆಯನ್ನು ತಡೆಹಿಡಿದು ಅವನನ್ನು ಜಾಮೀನಿನ ಮೇಲೆ ಬಿಡಲಿಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 389ನೇ ಕಲಮು ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 430. ಶಿಕ್ಷೆಯಾದವನು ಅದೇ ಊರಿನ ಅಗಸಿ ಕಟ್ಟಿಯ ಮೇಲೆ ಬಂದು ಕುಂತರೆ ಅವಳ ಮನೆಯವರು ನೀರಿಗೆ ಯಾವ ದಾರಿಯಿಂದ ಹೋಗಬೇಕು?

ಕರ್ನಾಟಕದ್ದೇ ಒಂದು ಕೇಸು ತೆಗೆದುಕೊಳ್ಳಿ. ಕಾನೂನಿನ ಪುಸ್ತಕಗಳಲ್ಲಿ ಅದರ ಹೆಸರು ‘ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ’. (ನಮ್ಮ ಪ್ರೊ. ಬಿ. ಕೃಷ್ಣಪ್ಪನವರ ಹೆಸರು ಕೇಳಿ ಬೆಳೆದ ಹುಡುಗರು ಗಾಬರಿ ಆಗಬ್ಯಾಡ್ರಿ, ಈತ ಬೇರೆ.) ಆರೋಪಿಗೆ 49 ವರ್ಷ. ಹುಡುಗಿಗೆ ಏಳೆಂಟು ವರ್ಷ. ಕೆಳಗಿನ ಕೋರ್ಟು ಅವನಿಗೆ ಅತ್ಯಾಚಾರಕ್ಕಾಗಿ 10 ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಅವನು ಹೈಕೋರ್ಟಿಗೆ ಅಪೀಲು ಹೋದ. ಹೈಕೋರ್ಟು ಇವನೇ ಮಾಡಿದ್ದು ಅಂತ ಒಪ್ಪಿತು. ಒಪ್ಪಿ, 10 ವರ್ಷವನ್ನು 4 ವರ್ಷಕ್ಕೆ ಇಳಿಸಿತು.

ಯಾಕೆ ಇಳಿಸಿತು ಅನ್ನುವುದಕ್ಕೆ ಕೊಟ್ಟ ಕಾರಣಗಳನ್ನು ಒಂದೊಂದಾಗಿ ಓದಬೇಕು. ಅವನು ಓದುಬರಹ ಇಲ್ಲದ ಹಳ್ಳಿಯವನು. ಕುಡಿತಕ್ಕೆ ಬಿದ್ದವನು, ಅಮಲಿನಲ್ಲಿ ಮಾಡಿದ್ದಾನೆ. ಮುದುಕಿ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿಕೊಂಡಿದ್ದಾರೆ. ಮತ್ತು ಅವನು ಸಮಾಜದ ದುರ್ಬಲ ವರ್ಗಕ್ಕೆ ಸೇರಿದವನು.

ಕುಡಿದಿದ್ದನಂತೆ! ಕುಡಿದ ಅಮಲಿನಲ್ಲಿ ಯಾರಾದರೂ ಗೌಡರ ಹೊಲದ ಒಡ್ಡು ಒಡೆದರೆ ಗೌಡರು ಬಿಡುತ್ತಾರೇನು? ಅಮಲಿನಲ್ಲಿದ್ದವನು ಪೊಲೀಸ್ ಸ್ಟೇಶನ್ನಿಗೆ ಹೋಗಿ ಫೌಜದಾರನ ಮೈಮೇಲೆ ಕೈ ಮಾಡುವುದಿಲ್ಲ. ಕೂಸಿನ ಹತ್ತಿರವೇ ಹೋಗುತ್ತಾನೆ. ಅಷ್ಟು ಲೆಕ್ಕ ಅಮಲಿಗೂ ಗೊತ್ತಿರುತ್ತದೆ. ಹೆಂಡತಿ ಮಕ್ಕಳ ಮಾತು ಬಿಡಿ, ಯಾವ ಕೈದಿಗೆ ಮನೆಮಂದಿ ಇಲ್ಲ? ಆ ಕೂಸಿನ ಮನೆಯವರು ಯಾರನ್ನು ನಂಬಿಕೊಂಡಿದ್ದರು ಅಂತ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಯಾರಾದರೂ ಹಾಕಿ ತೂಗಿದರೇನು?

ನಮ್ಮನ್ನು ನಿಲ್ಲಿಸಿ ಯೋಚನೆಗೆ ಹಚ್ಚುವುದು ಕೊನೆಯ ಕಾರಣ. ದುರ್ಬಲ ವರ್ಗ. ಈ ಮಾತು ನಮ್ಮದು. ಸಂವಿಧಾನದ 46ನೇ ವಿಧಿಯಲ್ಲಿ ಅದು ಇದೆ. ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯೆಯನ್ನು, ಆರ್ಥಿಕ ಹಿತವನ್ನು ಸರಕಾರ ಮುತುವರ್ಜಿಯಿಂದ ಬೆಳೆಸಬೇಕು, ಸಾಮಾಜಿಕ ಅನ್ಯಾಯದಿಂದ ಅವರನ್ನು ಕಾಪಾಡಬೇಕು ಅಂತ. ನೀವು ಉಣ್ಣುವ ಹಾಸ್ಟೆಲಿನ ಅನ್ನ, ನಿಮ್ಮ ಸ್ಕಾಲರ್‌ಶಿಪ್ಪು ಆ ಮಾತಿನ ಬೆನ್ನಿಗೆ ಬಂದವು. ಅನ್ಯಾಯದಿಂದ ಕಾಪಾಡಲಿಕ್ಕೆ ಹುಟ್ಟಿದ ಮಾತನ್ನು ಒಂದು ಕೂಸಿನ ಮೇಲಿನ ಅತ್ಯಾಚಾರಕ್ಕೆ ಆರು ವರ್ಷದ ರಿಯಾಯಿತಿ ಚೀಟಿ ಮಾಡಿದರು. ಆ ಕೂಸು ಯಾವ ಬಲಾಢ್ಯ ವರ್ಗದ್ದು? ಏಳೆಂಟು ವರ್ಷದ ಹೆಣ್ಣುಕೂಸಿಗಿಂತ ದುರ್ಬಲ ವರ್ಗ ಇನ್ನು ಯಾವುದು ಅದ?

ಇದರಲ್ಲಿ ಕರುಣೆ ಕಂಡವರೂ ಇದ್ದಾರು. ನಮಗೆ ಕಂಡದ್ದು ಅವಮಾನ. ಬಡವ, ಓದದವ, ಕೆಳಗಿನವ, ಇವನಿಂದ ಇಷ್ಟೇ ನಿರೀಕ್ಷೆ, ಬಿಡಿ ಅನ್ನುವ ಧಾಟಿ ಅದರ ಒಳಗಿದೆ. ನಮ್ಮ ಅಪ್ಪಂದಿರು ಓದಿಲ್ಲ. ಅವರೆಲ್ಲ ಏನು ಹಂಗ ಬದುಕಿದರೇನು?

ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ನೇ ಇಸವಿಯಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್, ಆರ್.ಸಿ. ಲಾಹೋಟಿ, ಎಸ್.ಎನ್. ವರಿಯಾವ ಇವರಿದ್ದ ಪೀಠ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ 10 ವರ್ಷವನ್ನೇ ಮತ್ತೆ ನಿಲ್ಲಿಸಿತು. ಆಗಿನ ಕಾನೂನಿನಲ್ಲಿ 12 ವರ್ಷದೊಳಗಿನ ಹುಡುಗಿಯ ಮೇಲಿನ ಅತ್ಯಾಚಾರಕ್ಕೆ 10 ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ ಇತ್ತು. ಆದರೆ ‘ಸಾಕಷ್ಟು ಮತ್ತು ವಿಶೇಷ ಕಾರಣ’ ಬರೆದು ಕಡಿಮೆ ಮಾಡಬಹುದು ಅಂತ ಒಂದು ಕಿಂಡಿಯನ್ನೂ ಬಿಟ್ಟಿದ್ದರು. ಹೈಕೋರ್ಟು ಕೊಟ್ಟ ಕಾರಣಗಳು ಸಾಕಷ್ಟೂ ಅಲ್ಲ, ವಿಶೇಷವೂ ಅಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಶಿಕ್ಷೆ ನಿರ್ಧರಿಸುವಾಗ ಆರೋಪಿಯ ಆಗಲಿ, ನೊಂದವಳ ಆಗಲಿ, ಜಾತಿ ಧರ್ಮ ಅಂತಸ್ತು ಲೆಕ್ಕಕ್ಕೆ ಬರಬಾರದು ಅಂತಲೂ ಹೇಳಿತು. ಆ ಕಿಂಡಿಯನ್ನು ಪಾರ್ಲಿಮೆಂಟು ಮುಚ್ಚಿದ್ದು 2013ರ ತಿದ್ದುಪಡಿಯಲ್ಲಿ, ಅಂದರೆ ಈ ತೀರ್ಪು ಬಂದು 13 ವರ್ಷಕ್ಕೆ. (ತೀರ್ಪಿನ ಭಾಷೆಯಲ್ಲೂ ಹೆಣ್ಣಿನ ಮಾನ ಗೌರವ ಅನ್ನುವ ಹಳೆಯ ವಾಸನೆ ಹೋಗಿಲ್ಲ. ನಮ್ಮ ಪೇಪರುಗಳೂ ‘ಮಾನಭಂಗ’ ಅಂತ ಬರೆಯುತ್ತಿದ್ದವು. ಭಂಗವಾಗಬೇಕಾದದ್ದು ಮಾಡಿದವನ ಮಾನ.)

ಜಾತಿ ಲೆಕ್ಕಕ್ಕೆ ಬರಬಾರದು ಅನ್ನುವ ಆ ಮಾತು ಎರಡು ಕಡೆ ಹರಿತವಿದೆ. ಮೇಲ್ಜಾತಿಯವನ ‘ಮರ್ಯಾದಸ್ಥ ಮನೆತನ’ಕ್ಕೂ ತಾಗುತ್ತದೆ, ನಮ್ಮ ಕೇರಿಯ ಪಂಚರಿಗೂ ತಾಗುತ್ತದೆ. ಮಾಡಿದವನು ಗೌಡರ ಮಗ ಆದರೆ ನಾವು ಡಿಸಿ ಆಫೀಸಿನ ಮುಂದೆ ಕೂಡುತ್ತೇವೆ. ನಮ್ಮ ಓಣಿಯವನೇ ಆದರೆ ‘ನಮ್ಮೊಳಗ ನಮ್ಮೊಳಗ ಮುಗಸೋಣು’ ಅಂತ ಹಿರಿಯರು ಕರೆಸಿ, ದಂಡ ಹಾಕಿ, ಎಲಿ ಅಡಿಕಿ ಹಂಚಿ ಕಳಿಸುತ್ತಾರೆ. ಕೆಲವು ಕಡೆ ಅವನಿಗೇ ಕೊಟ್ಟು ಮದುವೆ ಮಾಡುವ ಮಾತೂ ಬರುತ್ತದೆ. ಈ ರಾಜಿ ಅಪೀಲಿನ ಹೊತ್ತಿಗೂ ಬರುತ್ತದೆ, ಆಗ ಅದಕ್ಕೆ ವಕೀಲರ ಕಾಗದದ ರೂಪ ಇರುತ್ತದೆ. ರಾಜಿಯಾಗಿದೆ ಅನ್ನುವ ಕಾರಣಕ್ಕೆ ಅತ್ಯಾಚಾರದ ಶಿಕ್ಷೆ ಇಳಿಸಲಿಕ್ಕೆ ಬರುವುದಿಲ್ಲ ಅಂತ 2013ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಶಿಂಭು ವಿರುದ್ಧ ಹರಿಯಾಣ ರಾಜ್ಯ ಅನ್ನುವ ಕೇಸಿನಲ್ಲಿ. ಇದನ್ನು ನಮ್ಮ ಹಿರಿಯರಿಗೆ ಹೇಳುವ ಎದೆ ನಮ್ಮಲ್ಲಿ ಎಷ್ಟು ಹುಡುಗರಿಗೆ ಇದೆ?

ಮಥುರಾಳ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬೇಕು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಆದಿವಾಸಿ ಹುಡುಗಿ. 1972ರಲ್ಲಿ ದೇಸಾಯಿಗಂಜ್ ಪೊಲೀಸ್ ಠಾಣೆಯ ಒಳಗೇ ಅತ್ಯಾಚಾರ, ಆರೋಪಿಗಳು ಇಬ್ಬರು ಪೊಲೀಸರು. ಅಲ್ಲಿ ನಡೆದದ್ದು ಕೃಷ್ಣಪ್ಪನ ಕೇಸಿಗೆ ಉಲ್ಟಾ. 1974ರಲ್ಲಿ ಸೆಷನ್ಸ್ ಕೋರ್ಟು ಬಿಟ್ಟುಬಿಟ್ಟಿತು, 1976ರಲ್ಲಿ ಹೈಕೋರ್ಟಿನ ನಾಗಪುರ ಪೀಠ ಒಬ್ಬನಿಗೆ 5 ವರ್ಷ, ಇನ್ನೊಬ್ಬನಿಗೆ 1 ವರ್ಷ ಕೊಟ್ಟಿತು. ಅವರು ಅಪೀಲು ಹೋದರು. 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಬಿಡುಗಡೆ ಮಾಡಿತು. ಮೈಮೇಲೆ ಗಾಯ ಇರಲಿಲ್ಲ, ಕೂಗಾಡಿರಲಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಅನ್ನುವ ತರ್ಕ. ಖಾಕಿ ಹಾಕಿದವನ ಮುಂದೆ, ಮುಚ್ಚಿದ ಠಾಣೆಯಲ್ಲಿ, ಕೂಲಿ ಹುಡುಗಿ ಕೂಗಬೇಕಿತ್ತಂತೆ. ಯಾರನ್ನು? ಪೊಲೀಸರನ್ನೇ?

ನಾವು ಹೇಳಬೇಕಾದದ್ದು ಅದರ ಮುಂದಿನ ಸಂಗತಿ. ತೀರ್ಪು ಬಂದು ಒಂದು ವರ್ಷದತನಕ ದೇಶದಲ್ಲಿ ಹೆಚ್ಚು ಸದ್ದಾಗಲಿಲ್ಲ. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮವಾರ್, ರಘುನಾಥ ಕೇಳ್ಕರ್ ಎಂಬ ನಾಲ್ಕು ಜನ ಕಾನೂನು ಮೇಷ್ಟ್ರುಗಳು ಆ ತೀರ್ಪನ್ನು ಸಾಲುಸಾಲಾಗಿ ಓದಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅಲ್ಲಿಂದ ಮೆರವಣಿಗೆಗಳು ಎದ್ದವು. 1983ರಲ್ಲಿ ಕಾನೂನು ಬದಲಾಯಿತು. ಠಾಣೆಯಲ್ಲಿ, ಜೈಲಿನಲ್ಲಿ, ಅಧಿಕಾರದ ಬಲದಲ್ಲಿ ನಡೆದದ್ದಕ್ಕೆ ಬೇರೆ ಕಲಮು ಬಂತು. ಅಂಥ ಕೇಸಿನಲ್ಲಿ ಒಪ್ಪಿಗೆ ಇರಲಿಲ್ಲ ಅಂತ ಹೆಣ್ಣು ಹೇಳಿದರೆ ಕೋರ್ಟು ಅದನ್ನೇ ಹಿಡಿದು ನಡೆಯಬೇಕು, ಒಪ್ಪಿಗೆ ಇತ್ತು ಅಂತ ತೋರಿಸುವ ಭಾರ ಆರೋಪಿಯ ತಲೆಗೆ. ಮಥುರಾಗೆ ಇದರಿಂದ ಏನೂ ಸಿಗಲಿಲ್ಲ. ಆದರೆ ಒಂದು ತೀರ್ಪನ್ನು ಓದಿದ ನಾಲ್ಕು ಜನರಿಂದ ಕಾನೂನು ಅಲುಗಾಡಿತು.

ನಾವು ತೀರ್ಪು ಓದುವುದಿಲ್ಲ, ‘ಗಲ್ಲಿಗೇರಿಸಿ’ ಅಂತ ಕೂಗುತ್ತೇವೆ. ಖೈರ್ಲಾಂಜಿಯಲ್ಲಿ 2006ರಲ್ಲಿ ಒಂದೇ ದಲಿತ ಕುಟುಂಬದ ನಾಲ್ವರನ್ನು ಕೊಂದರು. 2008ರಲ್ಲಿ ಭಂಡಾರಾ ಕೋರ್ಟು ಆರು ಜನಕ್ಕೆ ಗಲ್ಲು ಹೇಳಿದಾಗ ಜನ ಖುಷಿಪಟ್ಟರು. ಅದೇ ತೀರ್ಪು ಅಟ್ರಾಸಿಟಿ ಕಾಯ್ದೆಯನ್ನು ಒಪ್ಪಿರಲಿಲ್ಲ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಹಿಂಸೆಯ ಆರೋಪದಲ್ಲಿ ಶಿಕ್ಷೆ ಕೊಟ್ಟಿರಲಿಲ್ಲ. 2010ರಲ್ಲಿ ಅಪೀಲಿನಲ್ಲಿ ಗಲ್ಲೂ ಹೋಗಿ 25 ವರ್ಷ ಆಯಿತು. ಜಾತಿ ಅನ್ನುವ ಮಾತು ಕಾಗದದ ಮೇಲೆ ಮೊದಲೇ ಇರಲಿಲ್ಲ.

ಜಾತಿಯನ್ನು ಕಾಗದದ ಮೇಲೆ ತರುವುದು ಎಷ್ಟು ಕಷ್ಟ ಅನ್ನುವುದಕ್ಕೆ ಇನ್ನೊಂದು ಅಪೀಲು. ಆಂಧ್ರದ ಕರ್ನೂಲು ಕಡೆಯ ಕೇಸು, ನೊಂದವಳು ಕಣ್ಣಿಲ್ಲದ ದಲಿತ ಹೆಣ್ಣುಮಗಳು. ಪಟಾನ್ ಜಮಾಲ್ ವಲಿ ಎಂಬವನ ಅಪೀಲನ್ನು 2021ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅತ್ಯಾಚಾರಕ್ಕೆ ಜೀವಾವಧಿ ಉಳಿಯಿತು. ಅಟ್ರಾಸಿಟಿ ಕಾಯ್ದೆಯ ಶಿಕ್ಷೆ ಬಿದ್ದುಹೋಯಿತು. ಅವಳು ಪರಿಶಿಷ್ಟ ಜಾತಿಯವಳು ‘ಎಂಬ ಕಾರಣಕ್ಕಾಗಿ’ ಮಾಡಿದ ಅಂತ ಸಾಬೀತು ಮಾಡುವ ಪುರಾವೆ ಪ್ರಾಸಿಕ್ಯೂಶನ್ ತಂದಿರಲಿಲ್ಲ. ಹೆಣ್ಣು, ದಲಿತೆ, ಕುರುಡಿ, ಈ ಮೂರೂ ಒಂದೇ ಮೈಯಲ್ಲಿ ಹೆಣೆದುಕೊಂಡಿರುತ್ತವೆ ಅಂತ ನ್ಯಾಯಮೂರ್ತಿ ಚಂದ್ರಚೂಡ್ ಬಹಳ ವಿವರವಾಗಿ ಬರೆದಿದ್ದಾರೆ. ಬರೆದೂ ಆ ಶಿಕ್ಷೆ ಉಳಿಯಲಿಲ್ಲ. 2016ರ ಜನವರಿ 26ರಿಂದ ಕಾನೂನಿನ ಆ ಮಾತು ಬದಲಾಗಿದೆ. ಅವಳ ಜಾತಿ ಗೊತ್ತಿದ್ದೂ ಮಾಡಿದ ಅಂತ ತೋರಿಸಿದರೆ ಸಾಕು. ಹಳ್ಳಿಯಲ್ಲಿ ಯಾರ ಜಾತಿ ಯಾರಿಗೆ ಗೊತ್ತಿಲ್ಲ? ಆದರೆ ಅದನ್ನು ಮೊದಲ ದಿನದ ಫಿರ್ಯಾದಿಯಲ್ಲೇ ಬರೆಸಬೇಕು, ಸಾಕ್ಷಿಯ ಬಾಯಲ್ಲಿ ಬರಬೇಕು. ಕೆಳಗಿನ ಕೋರ್ಟಿನಲ್ಲಿ ಬರದ ಮಾತು ಅಪೀಲಿನ ಕಟ್ಟಿನಲ್ಲಿ ಎಲ್ಲಿಂದ ಬರಬೇಕು?

ಈಗ ನಮ್ಮ ಜಿಲ್ಲೆಗೆ ಬರೋಣ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಎಲ್ಲಾ ಕಡೆಯ ಅಪೀಲುಗಳು ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ. 2008ಕ್ಕಿಂತ ಮುಂಚೆ ಬೆಂಗಳೂರಿಗೇ ಹೋಗಬೇಕಿತ್ತು, ಕೂಲಿಯ ಹೆಣ್ಣುಮಗಳಿಗೆ ಅದು ದಿಲ್ಲಿಗೆ ಹೋದಂತೆ. ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿ ತಂದ ಪೀಠ ಅದು. 2013ರಲ್ಲಿ ಕಾಯಂ ಆಯಿತು. ಪ್ಯಾಟಿಯಿಂದ ಹೊರಗೆ, ಹೈವೇ ಬದಿಗೆ ಇದೆ. ಬೆಳಿಗ್ಗೆ ಗದಗ ಬಿಟ್ಟರೆ ಸಂಜೆಗೆ ತಿರುಗಿ ಹಾಸ್ಟೆಲಿನ ಊಟಕ್ಕೆ ಬರಬಹುದು. ಆದರೂ ನಮ್ಮವರು ಯಾರೂ ಹೋಗುವುದಿಲ್ಲ.

ಅಟ್ರಾಸಿಟಿ ಕಾಯ್ದೆಯ 15ಎ ಕಲಮು ಏನು ಹೇಳುತ್ತದೆ ಗೊತ್ತೇನು? ಜಾಮೀನು ಇರಲಿ, ಬಿಡುಗಡೆ ಇರಲಿ, ಶಿಕ್ಷೆ ಇರಲಿ, ಯಾವ ವಿಚಾರಣೆ ನಡೆದರೂ ನೊಂದವರಿಗೆ ಸಮಯಕ್ಕೆ ಸರಿಯಾಗಿ ನೋಟೀಸು ಮುಟ್ಟಬೇಕು, ಅವರ ಮಾತನ್ನೂ ಕೋರ್ಟು ಕೇಳಬೇಕು. ಇದು ಕಡ್ಡಾಯ ಅಂತ 2021ರಲ್ಲಿ ಹರಿರಾಂ ಭಾಂಭಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆರೋಪಿಯನ್ನು ಬಿಟ್ಟುಬಿಟ್ಟರೆ ನೊಂದವರು ತಾವೇ ಅಪೀಲು ಹೋಗಬಹುದು, ಸರಕಾರ ಹೋಗಲಿ ಅಂತ ಕಾಯಬೇಕಿಲ್ಲ. ಆ ಹಕ್ಕು 2009ರ ಕೊನೆಗೆ ಬಂತು, ಅದಕ್ಕೆ ಕೋರ್ಟಿನ ಮುಂಗಡ ಅನುಮತಿ ಬೇಕಿಲ್ಲ ಅನ್ನುವುದು ಇತ್ಯರ್ಥವಾದದ್ದು 2018ರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಕೇಸಿನಲ್ಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಸರಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು, 1987ರ ಕಾನೂನು ಸೇವಾ ಕಾಯ್ದೆ ಅದು. ಇಷ್ಟೆಲ್ಲ ಇದೆ. ಆದರೆ ನೋಟೀಸು ಹಿಡಿದು ಪೊಲೀಸಪ್ಪ ಕೇರಿಗೆ ಬಂದಾಗ ಅವ್ವ ಹೆಬ್ಬೆಟ್ಟು ಒತ್ತಿ, ಕಾಗದವನ್ನು ಜಂತಿಯಲ್ಲಿ ಸಿಗಿಸಿ, ಕಳೆ ತೆಗೆಯಲಿಕ್ಕೆ ಹೋಗುತ್ತಾಳೆ. ಅದರಲ್ಲಿ ಏನಿದೆ ಅಂತ ಓದಿ ಹೇಳುವ ಮಗ ಹಾಸ್ಟೆಲಿನಲ್ಲಿ ಕವನ ಬರೆಯುತ್ತಿರುತ್ತಾನೆ. ಕವನ ಬರೆಯಬ್ಯಾಡ ಅಂತ ನಾವು ಯಾರಿಗೂ ಹೇಳುವುದಿಲ್ಲ, ಹೇಳುವ ಯೋಗ್ಯತೆಯೂ ನಮಗಿಲ್ಲ. ನೋಟೀಸನ್ನೂ ಓದು ಅನ್ನುತ್ತೇವೆ.

2025ರ ಆಗಸ್ಟಿನಲ್ಲಿ ಪ್ರಜ್ವಲ್ ರೇವಣ್ಣನಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಾಗ ಇಡೀ ರಾಜ್ಯ ನೋಡಿತು. ಮನೆಗೆಲಸದ ಒಬ್ಬ ಹೆಣ್ಣುಮಗಳು ಮಾಜಿ ಪ್ರಧಾನಿಯ ಮೊಮ್ಮಗನ ಎದುರು ಸಾಕ್ಷಿ ಹೇಳಿ ನಿಂತಳು. ಸಣ್ಣ ಮಾತಲ್ಲ. ಅವನೂ ಹೈಕೋರ್ಟಿಗೆ ಅಪೀಲು ಹೋದ. ದೊಡ್ಡವರ ಅಪೀಲಿಗೆ ಟಿವಿಯ ಕ್ಯಾಮೆರಾ ಬರುತ್ತದೆ. ಮುಂಡರಗಿಯ ಕೂಲಿಯವಳ ಕೇಸಿನ ಅಪೀಲಿಗೆ ಕ್ಯಾಮೆರಾ ಬರುವುದಿಲ್ಲ, ನಾವೇ ಹೋಗಿ ಬೆಂಚಿನ ಮೇಲೆ ಕೂಡಬೇಕು.

ಹೋಗುವವರಿಗೆ ಒಂದೆರಡು ಮಾತು. ಕೇಸಿನ ನಂಬರು ಗೊತ್ತಿದ್ದರೆ ವಾಯಿದೆ ಯಾವತ್ತು ಅನ್ನುವುದು ಹೈಕೋರ್ಟಿನ ದಿನದ ಪಟ್ಟಿಯಲ್ಲಿ ಸಿಗುತ್ತದೆ. ಮೊಬೈಲಿನಲ್ಲೇ ನೋಡಬಹುದು. ನೊಂದವಳ ಹೆಸರು, ಊರು, ಫೋಟೋ ಎಲ್ಲಿಯೂ ಬರೆಯಬಾರದು, ನಮ್ಮ ಬ್ಯಾನರಿನ ಮೇಲೂ ಹಾಕಬಾರದು. ಅದು ಕಾನೂನು, ಮತ್ತು ಅವಳ ಬದುಕು. ವಾಯಿದೆಗೆ ಹೋಗುವ ಮೊದಲು ಅವಳ ಮನೆಯವರನ್ನು ಕೇಳಿರಿ. ಬ್ಯಾಡ ಅಂದರೆ ಹೋಗಬ್ಯಾಡ್ರಿ. ಕಾನೂನು ಓದುತ್ತಿರುವ ಅಕ್ಕತಂಗಿಯರು ಇದ್ದರೆ ಮೊದಲು ಅವರು ಮುಂದೆ ಬರಲಿ. ಮನೆಯವರ ಹತ್ತಿರ ಮಾತಾಡುವುದು ಅವರಿಂದ ಆದರೆ ಒಳ್ಳೆಯದು. ಕೃಷ್ಣಪ್ಪ ಕೇಸಿನ ತೀರ್ಪು ಬಹಳ ದೊಡ್ಡದಲ್ಲ, ಇಂಗ್ಲಿಷಿನಲ್ಲಿದೆ. ಒಬ್ಬರಿಗೆ ತಿಳಿಯದಿದ್ದರೆ ಇಬ್ಬರು ಕೂಡಿ ಕುಂತು ಓದಿರಿ. ಕನ್ನಡಕ್ಕೆ ಯಾರಾದರೂ ಮಾಡಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.